ಅಂಗಡಿ ಬಾಗಿಲಿನ ಹಾಳೆ: ಮಾಲ್ಡೋವಾದ ಒಂದು ಹಳ್ಳಿಯ ದಾನದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಹಣ ಕೊಟ್ಟ ಸಂಸ್ಥೆಯ ಹೆಸರೂ ಬೇಡ. ಆಗ ನಾನೇ ಅಲ್ಲಿ ಕೆಲಸದಲ್ಲಿದ್ದೆ, ಆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ದಾನ, ಸಂಘ, ಸಮುದಾಯ ಅಂತ ಕೆಲಸ ಮಾಡುವ ಕನ್ನಡದ ಗೆಳೆಯರು ಈ ಕಥೆ ಕೇಳಿದಾಗಲೆಲ್ಲ "ಬರೆದಿಡಿ ಮಾರಾಯ್ರೆ" ಅಂದಿದ್ದರಿಂದ ಬರೆಯುತ್ತಿದ್ದೇನೆ.

ಊರು ಮತ್ತು ಅದರ ಅನುಮಾನ

ಮಾಲ್ಡೋವಾ ರೊಮೇನಿಯಾ ಮತ್ತು ಉಕ್ರೇನ್ ನಡುವೆ ಇರುವ ಪುಟ್ಟ ದೇಶ. 1991ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾಯಿತು. ನಮ್ಮ ಹಳ್ಳಿ ಇರುವುದು ಅದರ ಉತ್ತರ ಭಾಗದಲ್ಲಿ. ಎರೆಮಣ್ಣು, ಸೇಬು, ಸೂರ್ಯಕಾಂತಿ, ರಸ್ತೆಯ ಎರಡೂ ಬದಿ ವಾಲ್‌ನಟ್ ಮರ. ನೋಡಲು ಸಮೃದ್ಧವಾಗಿದೆ. ಆದರೆ ದುಡಿಯುವ ವಯಸ್ಸಿನವರು ಊರಲ್ಲಿ ಕಾಣುವುದಿಲ್ಲ. ಹೆಂಗಸರು ಇಟಲಿಗೆ ಹೋಗಿದ್ದಾರೆ, ಅಲ್ಲಿನ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ. ಗಂಡಸರು ಮಾಸ್ಕೋಗೆ, ಗಾರೆ ಕೆಲಸಕ್ಕೆ. ನಮ್ಮ ಕಡೆ ಗುಳೆ ಹೋಗುವುದು ಅನ್ನುತ್ತೇವಲ್ಲ, ಹಾಗೇ. ಗಡಿ ದಾಟಬೇಕು ಅನ್ನುವುದಷ್ಟೇ ವ್ಯತ್ಯಾಸ.

ವಾರಕ್ಕೊಮ್ಮೆ ಇಟಲಿಯ ಬಿಳಿ ವ್ಯಾನ್ ಬರುತ್ತದೆ. ಹೋಗುವಾಗ ಮನೆಯ ಚೀಸ್, ವೈನ್, ಬಿಡಿಸಿದ ವಾಲ್‌ನಟ್. ಬರುವಾಗ ಪಾಸ್ತಾ, ಬಟ್ಟೆ ಸೋಪು, ಮಕ್ಕಳ ಶೂ, ಲಕೋಟೆಯಲ್ಲಿ ಯೂರೋ. ಲಕೋಟೆಯ ಮೇಲೆ ಬರೀ ಹೆಸರು ಇರುತ್ತದೆ. ಅಷ್ಟೂ ವರ್ಷ ಒಂದು ಲಕೋಟೆಯೂ ಕಳೆದುಹೋಗಿಲ್ಲ ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ. ಇದೇ ಜನ "ಫಂಡ್" ಅನ್ನುವ ಮಾತು ಕೇಳಿದರೆ ಮುಖ ತಿರುಗಿಸುತ್ತಿದ್ದರು.

ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಸೋವಿಯತ್ ಕಾಲದಲ್ಲಿ ಸುಬ್ಬೋತ್ನಿಕ್ ಅಂತ ಇತ್ತು. ಶನಿವಾರ ಸಂಬಳವಿಲ್ಲದೆ "ಸ್ವಯಂಪ್ರೇರಣೆ"ಯಿಂದ ದುಡಿಯಬೇಕು, ಬರದವರ ಹೆಸರು ಮೇಲಕ್ಕೆ ಹೋಗುತ್ತಿತ್ತು. ರಷ್ಯನ್‌ನಲ್ಲಿ ಇದಕ್ಕೆ "ಸ್ವಯಂಪ್ರೇರಿತ-ಕಡ್ಡಾಯ" ಅಂತಲೇ ಒಂದು ಕುಹಕದ ಮಾತಿದೆ. ಒಕ್ಕೂಟ ಒಡೆದಾಗ ಉಳಿತಾಯ ಬ್ಯಾಂಕಿನಲ್ಲಿದ್ದ ಹಣ ಬೆಲೆಯೇರಿಕೆಯಲ್ಲಿ ಕರಗಿಹೋಯಿತು. 90ರ ದಶಕದಲ್ಲಿ ದತ್ತಿನಿಧಿ ಅಂದರೆ ತೆರಿಗೆ ತಪ್ಪಿಸುವ ದಂಧೆ ಅನ್ನುವ ಹಾಗಾಯಿತು. 1996ರಲ್ಲಿ ಮಾಸ್ಕೋದ ಒಂದು ಸ್ಮಶಾನದಲ್ಲಿ ಅಫ್ಘಾನ್ ಯುದ್ಧದ ಅಂಗವಿಕಲ ಯೋಧರ ನಿಧಿಗಾಗಿ ನಡೆದ ಜಗಳದಲ್ಲಿ ಬಾಂಬ್ ಸಿಡಿದು 14 ಜನ ಸತ್ತರು. ಆಮೇಲೆ 2014ರಲ್ಲಿ ಮಾಲ್ಡೋವಾದ ಮೂರು ಬ್ಯಾಂಕುಗಳಿಂದ ಸುಮಾರು 100 ಕೋಟಿ ಡಾಲರ್ ಮಾಯವಾಯಿತು. ದೇಶದ ವರ್ಷದ ಉತ್ಪನ್ನದ ಎಂಟನೇ ಒಂದು ಭಾಗ! ಇಷ್ಟೆಲ್ಲ ನೋಡಿದವರು ರಸೀದಿ ಪುಸ್ತಕ ಹಿಡಿದು ಬಂದವರನ್ನು ನಂಬುತ್ತಾರಾ?

ಉಪ್ಪಿನಕಾಯಿ ಭರಣಿ

ಸಮಸ್ಯೆ ಬಹಳ ಸರಳವಾಗಿತ್ತು. ಊರಿನ ಶಿಶುವಿಹಾರದ ಕಕ್ಕಸು ಹೊರಗೆ, ಹಿತ್ತಲಿನಲ್ಲಿ. ಹಲಗೆ ಗೋಡೆ, ಕೆಳಗೆ ಗುಂಡಿ. ಚಳಿಗಾಲದಲ್ಲಿ ಹಿಮ ತುಳಿದುಕೊಂಡು ನಾಲ್ಕು ವರ್ಷದ ಮಕ್ಕಳು ಅಲ್ಲಿಗೆ ಹೋಗಬೇಕು. ಒಳಗಿನ ಕೋಣೆಯೊಂದನ್ನು ಶೌಚಾಲಯ ಮಾಡಿ, ಬಿಸಿನೀರು ಹಾಕಿಸಬೇಕು. ಅಷ್ಟೇ.

2016ರ ಆಗಸ್ಟ್ 28ರಂದು ಊರಿನ ಹ್ರಾಮ್ ಇತ್ತು. ಹ್ರಾಮ್ ಅಂದರೆ ಊರಿನ ಚರ್ಚ್ ಯಾವ ಸಂತರ ಹೆಸರಿನಲ್ಲಿದೆಯೋ ಅವರ ಹಬ್ಬ, ನಮ್ಮ ಊರಹಬ್ಬದ ಹಾಗೆ. ಇಟಲಿಗೆ ದುಡಿಯಲು ಹೋದವರೂ ರಜೆ ಹಾಕಿ ಬಂದಿರುತ್ತಾರೆ. ನಿವೃತ್ತ ಟೀಚರ್ ಒಬ್ಬರು ಮೂರು ಲೀಟರಿನ ಗಾಜಿನ ಭರಣಿಯೊಂದನ್ನು ಮೇಜಿನ ಮೇಲಿಟ್ಟರು. ಸೌತೆಕಾಯಿ, ಟೊಮೆಟೊ ಉಪ್ಪಿನಕಾಯಿ ಹಾಕುವ ಆ ಭರಣಿ ಸೋವಿಯತ್ ದೇಶಗಳ ಪ್ರತಿ ಅಡುಗೆಮನೆಯಲ್ಲೂ ಇತ್ತು. ಪಕ್ಕದಲ್ಲಿ ಶಾಲೆಯ ನೋಟ್‌ಬುಕ್ಕು. ಹಾಕಿದವರ ಹೆಸರು, ಮೊತ್ತ. ಸಂಜೆ ಎಲ್ಲರೆದುರಿಗೇ ಎಣಿಸಿದರು. 31,000 ಲೇ ಆಗಿತ್ತು (ಲೇ ಅಂದರೆ ಮಾಲ್ಡೋವಾದ ಹಣ, ನಮ್ಮ ರೂಪಾಯಿಯ ಹಾಗೆ). ನಗರದಲ್ಲಿ ಇದೇನು ದೊಡ್ಡ ಮೊತ್ತವಲ್ಲ. ಈ ಊರಿನಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ನಾವು ಕಾಲಿಟ್ಟದ್ದು ಇಲ್ಲಿ. ರಾಜಧಾನಿ ಕಿಶಿನೌನಲ್ಲಿ ಯಾರೋ ಹೇಳಿದ ಸುದ್ದಿ ಕೇಳಿ ನನಗೆ ಭಾರಿ ಉತ್ಸಾಹ ಬಂತು. ಸಮುದಾಯ ನಿಧಿ ಅನ್ನುವ ಕಲ್ಪನೆ ನಮ್ಮ ಕ್ಷೇತ್ರದಲ್ಲಿ ಹಳೆಯದು. ಮೊದಲನೆಯದು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿತು. ರಷ್ಯಾಕ್ಕೆ ಬಂದದ್ದು 1998ರಲ್ಲಿ, ಲಾಡಾ ಕಾರಿನ ಊರಾದ ತೊಲ್ಯಾತ್ತಿಗೆ. ಊರಿನ ಹಣವನ್ನು ಊರೇ ಕೂಡಿಸಿ ಊರೇ ಹಂಚುವುದು ಅದರ ತಿರುಳು. ಈ ಹಳ್ಳಿಯಲ್ಲಿ ಅದು ತಾನಾಗಿಯೇ ಮೊಳೆತಿದೆ, ನಾವು ನೀರು ಹಾಕೋಣ ಅಂದುಕೊಂಡೆ.

ಇನ್ನೊಂದು ಕಾರಣವೂ ಇತ್ತು. ವಿದೇಶಿ ಹಣ ಈ ಪ್ರದೇಶದಲ್ಲಿ ಅಪಾಯದ ವಸ್ತುವಾಗುತ್ತಿತ್ತು. ರಷ್ಯಾ 2012ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಹೊರಗೆ ಕಳಿಸಿತು. ಅದೇ ವರ್ಷ, ವಿದೇಶಿ ಹಣ ಪಡೆಯುವ ಸಂಘಗಳಿಗೆ "ವಿದೇಶಿ ಏಜೆಂಟ್" ಅನ್ನುವ ಹಣೆಪಟ್ಟಿ ಹಚ್ಚುವ ಕಾನೂನು ತಂದಿತು. ರಷ್ಯನ್ ಭಾಷೆಯಲ್ಲಿ ಈ ಮಾತಿಗೆ ಗೂಢಚಾರ ಅನ್ನುವ ಅರ್ಥ ಸ್ಟಾಲಿನ್ ಕಾಲದಿಂದ ಅಂಟಿಕೊಂಡಿದೆ. 2015ರಲ್ಲಿ ವಿದೇಶಿ ಸಂಸ್ಥೆಗಳನ್ನು "ಅನಪೇಕ್ಷಿತ ಸಂಸ್ಥೆ" ಅಂತ ಘೋಷಿಸಿ ನಿಷೇಧಿಸುವ ಕಾನೂನೂ ಬಂತು. ಮಾಲ್ಡೋವಾದಲ್ಲಿ ಅಂಥದ್ದು ಇರಲಿಲ್ಲ. ಆದರೂ ಊರಿನ ಸಂಘ ಊರಿನ ಹಣದ ಮೇಲೆ ನಿಂತರೆ ಯಾರೂ ಅದನ್ನು ಅಲ್ಲಾಡಿಸಲಾರರು ಅನ್ನುವ ಲೆಕ್ಕಾಚಾರ ನಮ್ಮದು. ಆ ಲೆಕ್ಕಾಚಾರ ಈಗಲೂ ಸರಿ ಅನಿಸುತ್ತದೆ. ಅದಕ್ಕೆ ಹಿಡಿದ ದಾರಿ ಮಾತ್ರ ತಪ್ಪಾಗಿತ್ತು.

ನಾವು ನೀರು ಹಾಕಿದ ಬಗೆ

ಮ್ಯಾಚಿಂಗ್ ಗ್ರಾಂಟ್ ಕೊಡುತ್ತೇವೆ ಅಂದೆವು. ನೀವು ಒಂದು ಲೇ ಕೂಡಿಸಿದರೆ ನಮ್ಮದೊಂದು ಲೇ. ಕೇಳಲು ಚೆನ್ನಾಗಿದೆ ಅಲ್ವಾ? ಅದರ ಹಿಂದೆ ಬಂದ ಷರತ್ತುಗಳನ್ನು ಕೇಳಿ. ಊರಿನವರು ಒಂದು ಸಂಘ ಕಟ್ಟಿ ನೋಂದಣಿ ಮಾಡಿಸಬೇಕು. ಬ್ಯಾಂಕ್ ಖಾತೆ ಬೇಕು, ಮೊಹರು ಬೇಕು. ಪ್ರತಿ ಖರೀದಿಗೆ ಮೂರು ಕೊಟೇಶನ್. ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ವರದಿ. ಭರಣಿಯಲ್ಲಿ ಹಣ ಬಿದ್ದ ದಿನದಿಂದ ಶಿಶುವಿಹಾರದ ಗೋಡೆಗೆ ಮೊದಲ ಉಳಿ ಬೀಳುವ ತನಕ ಹದಿನಾಲ್ಕು ತಿಂಗಳು ಹೋಯಿತು. ನಾವು ಇಲ್ಲದಿದ್ದರೆ ಅವರು ಆ ಚಳಿಗಾಲಕ್ಕೆ ಮೊದಲೇ ಮುಗಿಸುತ್ತಿದ್ದರೋ ಏನೋ.

ಆಮೇಲೆ ಕೆಲಸ ದೊಡ್ಡದಾಗತೊಡಗಿತು. ಹಣ ಎರಡರಷ್ಟು ಬರುತ್ತದೆ ಅಂದಮೇಲೆ ಬರೀ ಕಕ್ಕಸು ಯಾಕೆ? ಆಟದ ಅಂಗಳವೂ ಇರಲಿ. ಮೇಯರ್‌ಗೆ ಫಲಕ ಬೇಕಾಯಿತು. ನಮ್ಮ ಕೇಂದ್ರ ಕಚೇರಿಗೆ ಫೋಟೋ ಬೇಕಾಯಿತು. ಕಕ್ಕಸಿನ ಫೋಟೋ ಯಾರು ಹಾಕುತ್ತಾರೆ? ಜಾರುಬಂಡಿಯ ಫೋಟೋ ಹಾಕಬಹುದು. ನೋಟ್‌ಬುಕ್ಕು ಟೀಚರ್ ಕೈಯಿಂದ ಎಕ್ಸೆಲ್ ಹಾಳೆಗೆ ಹೋಯಿತು, ಎಕ್ಸೆಲ್ ಹಾಳೆ ಕಿಶಿನೌಗೆ ಹೋಯಿತು. ಊರಿನವರಿಗೆ ಅದು ಮತ್ತೆ ಕಾಣಲಿಲ್ಲ.

ಒಳಗಿನ ಶೌಚಾಲಯ 2018ರಲ್ಲಿ ಮುಗಿಯಿತು. ಬಿಳಿ ಟೈಲ್ಸ್, ಮಕ್ಕಳ ಎತ್ತರಕ್ಕೆ ಸಿಂಕು. ಆ ವರ್ಷದ ಹ್ರಾಮ್‌ನಲ್ಲಿ ಭರಣಿ ಇಟ್ಟಾಗ ಅದರ ತಳವೂ ಮುಚ್ಚಲಿಲ್ಲ. "ಈಗ ಯುರೋಪಿನವರು ಕೊಡ್ತಾರಲ್ಲ" ಅಂದರು. ಇಟಲಿಯಲ್ಲಿದ್ದವರ ವೈಬರ್ (ವಾಟ್ಸಾಪ್ ಥರದ ಆ್ಯಪ್) ಗುಂಪಿನಲ್ಲಿ ಬೇರೆಯೇ ಮಾತು ಹರಿದಾಡುತ್ತಿತ್ತು. ಟೀಚರ್ ಮಗ ಹಳೆಯ ಓಪೆಲ್ ಕಾರು ತಂದಿದ್ದ. ಅದು ಎಲ್ಲಿಂದ ಬಂತು ಅಂತ ಯಾರೋ ಕೇಳಿದರು. ಕೇಳಿದ್ದು ಅಷ್ಟೇ. ಆ ಪ್ರಶ್ನೆ ಎರಡು ವಾರದಲ್ಲಿ ಊರಿಗೇ ಉತ್ತರವಾಗಿ ಬದಲಾಯಿತು. ಆ ಹುಡುಗ ನಾಲ್ಕು ವರ್ಷ ಕಟ್ಟಡದ ಮೇಲೆ ದುಡಿದು ತಂದ ಕಾರು ಅದು.

ಟೀಚರ್ ಸಂಘದ ಅಧ್ಯಕ್ಷತೆ ಬಿಟ್ಟರು. ನನಗೆ ಎರಡು ಸಾಲಿನ ಪತ್ರ ಬರೆದಿದ್ದರು. ನಾನು ಹೋಗಿ ಅವರ ಮನೆಯಲ್ಲಿ ಕೂತು ಮಾತಾಡಬೇಕಿತ್ತು. ಇಮೇಲ್ ಮಾಡಿದೆ. "ನಿಮ್ಮ ಕೊಡುಗೆಗೆ ಧನ್ಯವಾದಗಳು" ಅಂತ ಬರೆದದ್ದು ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ.

ತರಬೇತಿ ಎಂಬ ಮದ್ದು

ನಮ್ಮ ಕ್ಷೇತ್ರದಲ್ಲಿ ಏನೇ ಕೆಟ್ಟರೂ ತರಬೇತಿ ಕೊಡುತ್ತೇವೆ. ಸಂಘದ ಏಳು ಜನರನ್ನು ಮೂರು ದಿನ ಕಿಶಿನೌನ ಹೋಟೆಲಿಗೆ ಕರೆಸಿದೆವು. ನಿಧಿ ಸಂಗ್ರಹದ ತಂತ್ರ, ಪಾಲುದಾರರ ನಕ್ಷೆ, ಗೋಡೆಯ ತುಂಬ ಬಣ್ಣದ ಚೀಟಿ. ಬಂದವರು ಪಾಪ, ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಊರಿಗೆ ವಾಪಸ್ ಹೋಗಿ ಏನೂ ಮಾಡಲಿಲ್ಲ. ಲೆಕ್ಕವನ್ನು ಪಿಡಿಎಫ್ ಮಾಡಿ ಫೇಸ್‌ಬುಕ್ಕಿಗೆ ಹಾಕಿಸಿದೆವು. ಮೂರು ಲೈಕ್ ಬಂತು. ಅದರಲ್ಲಿ ಒಂದು ನನ್ನದೇ.

2019ರ ಶರತ್ಕಾಲ. ಸಂಘದಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಮ್ಮ ಇದ್ದರು. ಕೊಲ್ಖೋಜ್‌ನಲ್ಲಿ, ಅಂದರೆ ಸೋವಿಯತ್ ಕಾಲದ ಸಾಮೂಹಿಕ ಬೇಸಾಯದ ಕಚೇರಿಯಲ್ಲಿ, ಲೆಕ್ಕ ಬರೆದವರು. ಊರೆಲ್ಲ ಅವರನ್ನು ಲೆಲ್ಯ ಅನ್ನುತ್ತದೆ, ನಾವು ದೊಡ್ಡಮ್ಮ ಅನ್ನುವ ಹಾಗೆ. ನಾನೂ ದೊಡ್ಡಮ್ಮ ಅಂತಲೇ ಬರೆಯುತ್ತೇನೆ. ಅವರ ಅಡುಗೆಮನೆಯ ಡ್ರಾಯರಿನಲ್ಲಿ ಮರದ ಮಣಿಚೌಕಟ್ಟು ಈಗಲೂ ಇದೆ. ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿದ್ದನ್ನು ಅದರಲ್ಲಿ ಇನ್ನೊಮ್ಮೆ ಕೂಡಿ ನೋಡುತ್ತಾರೆ. 90ರ ದಶಕದ ಕೊನೆಗೆ ಕೊಲ್ಖೋಜ್ ಜಮೀನನ್ನು ಊರಿನವರಿಗೆ ಪಾಲು ಮಾಡಿದಾಗ ಯಾರಿಗೆ ಎಷ್ಟು ಅನ್ನುವ ಪಟ್ಟಿಯನ್ನು ಇವರೇ ಬರೆದು ಅಂಗಡಿ ಬಾಗಿಲಿಗೆ ಅಂಟಿಸಿದ್ದರಂತೆ.

ಅವರು ಸಂಘದ ಫೈಲು ಕೇಳಿ ತರಿಸಿಕೊಂಡರು. ಒಂದು ವಾರ ಕೂತರು. ಒಂದು ಭಾನುವಾರ ಜನ ಚರ್ಚಿನಿಂದ ಹೊರಬರುವ ಹೊತ್ತಿಗೆ ಅದೇ ಅಂಗಡಿ ಬಾಗಿಲಲ್ಲಿ ದೊಡ್ಡ ಹಾಳೆಯೊಂದು ನೇತಾಡುತ್ತಿತ್ತು. ನೀಲಿ ಶಾಯಿ, ಗುಂಡು ಅಕ್ಷರ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಮೂರು ವರ್ಷದಲ್ಲಿ 20 ಲೇ ಕೊಟ್ಟವರ ಹೆಸರೂ ಇತ್ತು. ಬಲಗಡೆಯಲ್ಲಿ ಒಂದರ ಕೆಳಗೊಂದು ಎರಡು ಸಾಲು:

"ಮಕ್ಕಳ ಕಮೋಡು, ಸಿಂಕು, ಪೈಪು: 11,900 ಲೇ.

ತರಬೇತಿ, ಹೋಟೆಲ್ ವಾಸ, ಊಟ, ಕಾಫಿ, 7 ಜನ, 3 ದಿನ: 14,200 ಲೇ."

ಮೊದಲು ನಕ್ಕವರು ಅಂಗಡಿಯವರಂತೆ. ಆಮೇಲೆ ಊರೆಲ್ಲ ನಕ್ಕಿತು. ಯಾರೋ ಫೋಟೋ ತೆಗೆದು ಇಟಲಿಯ ಗುಂಪಿಗೆ ಹಾಕಿದರು, ಅದು ಕಿಶಿನೌಗೂ ಬಂತು, ನನ್ನ ಮೇಲಧಿಕಾರಿಯ ಫೋನಿಗೂ ಬಂತು.

ಹಾಳೆ ತೆಗೆಸಬೇಕೇ?

ನನ್ನ ಪಾಲಿಗೆ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಕೇಂದ್ರ ಕಚೇರಿಯಿಂದ ಫೋನ್ ಬಂತು. ಆ ಹಾಳೆ ತಪ್ಪು ಅಭಿಪ್ರಾಯ ಮೂಡಿಸುತ್ತದೆ, ಮರ್ಯಾದೆಯಿಂದ ತೆಗೆಸಿ ಅಂದರು. ನಿಜ ಹೇಳಬೇಕೆಂದರೆ ನನಗೂ ಸಿಟ್ಟು ಬಂದಿತ್ತು. ತರಬೇತಿ ಬೇರೆ ಬಾಬ್ತು, ಕಟ್ಟಡ ಬೇರೆ ಬಾಬ್ತು, ಎರಡನ್ನೂ ಪಕ್ಕಪಕ್ಕ ಇಡುವುದು ಅನ್ಯಾಯ ಅಂತ ವಾದ ಜೋಡಿಸಿಕೊಂಡೇ ಬಸ್ಸು ಹತ್ತಿದೆ.

ಅಂಗಡಿ ಮುಂದೆ ಇಳಿದಾಗ ನಾಲ್ಕೈದು ಜನ ಹಾಳೆ ಓದುತ್ತಿದ್ದರು. ಒಬ್ಬ ಮುದುಕ ಬೆರಳಿಟ್ಟು ತನ್ನ ಹೆಸರು ಹುಡುಕಿದ. ಸಿಕ್ಕಿತು. ಪಕ್ಕದವನನ್ನು ಕರೆದು ತೋರಿಸಿದ. ಆಮೇಲೆ ಬೆರಳು ಬಲಗಡೆಗೆ ಹೋಯಿತು, ಟೈಲ್ಸ್‌ನ ಮೇಲೆ ನಿಂತಿತು. ಇಷ್ಟಕ್ಕೆ ಹೋಯಿತಾ ಅಂತ ತಲೆಯಾಡಿಸಿದ. ನಮ್ಮ ಮೂರು ವರ್ಷದ ವರದಿಗಳನ್ನು ಒಬ್ಬರಾದರೂ ಹೀಗೆ ಓದಿದ್ದನ್ನು ನಾನು ನೋಡಿರಲಿಲ್ಲ.

ದೊಡ್ಡಮ್ಮನ ಮನೆಯಲ್ಲಿ ನನ್ನ ಹರಕು ರೊಮೇನಿಯನ್‌ನಲ್ಲಿ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ತಟ್ಟೆಗೆ ಇನ್ನೊಂದು ಪ್ಲಚಿಂತಾ ಹಾಕಿದರು, ಅದು ಆಲೂ ಪರೋಟಕ್ಕೆ ದೂರದ ಸಂಬಂಧಿ.

"ಕೊಟ್ಟವರ ಹೆಸರೆಲ್ಲ ಬರೆದಿದ್ದೇನೆ. ನಿಮ್ಮದನ್ನು ಯಾಕೆ ಬಿಡಲಿ? ನೀವೂ ಕೊಟ್ಟಿದ್ದೀರಿ. ತಿಂದದ್ದನ್ನೂ ಬರೆಯಬೇಕು. ನಾನೂ ತಿಂದಿದ್ದೇನೆ, ಆ ಏಳರಲ್ಲಿ ನಾನೂ ಒಬ್ಬಳು."

ಆಮೇಲೆ ಒಂದು ಮಾತು ಸೇರಿಸಿದರು. "ಈ ಹಾಳೆ ಹೋದ ವರ್ಷವೇ ಅಂಟಿಸಿದ್ದರೆ ಟೀಚರ್ ಮನೆಯಲ್ಲಿ ಅಳುತ್ತಾ ಕೂರುತ್ತಿರಲಿಲ್ಲ."

ನನ್ನ ವಾದ ಅಲ್ಲಿಗೆ ಮುಗಿಯಿತು. ಹಾಳೆ ಉಳಿಯಿತು. ಕಚೇರಿಗೆ ವಾಪಸ್ ಬಂದು ಬರೆದೆ: ತೆಗೆಸುವುದಿಲ್ಲ, ಮುಂದಿನ ಹಾಳೆಯಲ್ಲಿ ನನ್ನ ಪ್ರಯಾಣದ ಖರ್ಚನ್ನೂ ಸೇರಿಸಲು ಹೇಳಿದ್ದೇನೆ. ಎರಡು ತಿಂಗಳು ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಬಿಡಿ.

ಕಟ್ಟಡ ಬಿಟ್ಟು ಲೆಕ್ಕಕ್ಕೆ ಹಣ

ಮುಂದೆ ಏನು ಕೊಡಬೇಕು ಅಂತ ಈ ಬಾರಿ ಸಂಘವನ್ನೇ ಕೇಳಿದೆವು. ಜಾರುಬಂಡಿ ಬೇಡ ಅಂದರು. ಒಬ್ಬ ಅಕೌಂಟೆಂಟ್ ಬೇಕು ಅಂದರು, ಅರ್ಧ ದಿನದ ಕೆಲಸಕ್ಕೆ ಸಾಕು. ನೋಂದಣಿಯಾದ ಸಂಘ ಅಂದಮೇಲೆ ತೆರಿಗೆ ಕಚೇರಿಗೆ ಕಂಪ್ಯೂಟರಿನಲ್ಲಿ ವರದಿ ಕಳಿಸಬೇಕು, ತಡವಾದರೆ ದಂಡ. ಅದು ದೊಡ್ಡಮ್ಮನ ಮಣಿಚೌಕಟ್ಟಿನಿಂದ ಆಗುವ ಕೆಲಸವಲ್ಲ.

ಇದನ್ನು ಒಪ್ಪಿಸುವುದು ಕಷ್ಟವಾಯಿತು. ಗುಮಾಸ್ತರ ಸಂಬಳ, ಬ್ಯಾಂಕ್ ಶುಲ್ಕ ಇವೆಲ್ಲ "ಆಡಳಿತ ಖರ್ಚು". ದಾನಿಗಳಿಗೆ ಅದು ಕಹಿ. ನಮ್ಮ ದೇಶದ ಸಂಘಗಳಿಗೆ ಇದು ಹೊಸ ಸಂಗತಿಯಲ್ಲ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿಗೆ 2020ರಲ್ಲಿ ತಿದ್ದುಪಡಿಯಾದಾಗ ವಿದೇಶಿ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಪಡೆದ ವಿದೇಶಿ ಹಣವನ್ನು ಸಣ್ಣ ಸಂಘಕ್ಕೆ ದಾಟಿಸುವುದೂ ನಿಂತಿತು. ಹಳ್ಳಿಯ ಸಂಘಗಳಲ್ಲಿ ಲೆಕ್ಕ ಬರೆಯುವ ಹುಡುಗಿಯ ಸಂಬಳಕ್ಕೇ ಮೊದಲು ಕತ್ತರಿ ಬಿದ್ದದ್ದನ್ನು ಕೆಲವು ಗೆಳೆಯರು ಹೇಳಿದ್ದಾರೆ. ಹಣ ದುರುಪಯೋಗ ತಡೆಯಲು ಲೆಕ್ಕದವರ ಸಂಬಳ ಕಡಿಮೆ ಮಾಡುವುದು ನನಗಂತೂ ತಲೆಕೆಳಗಾಗಿ ಕಾಣುತ್ತದೆ.

ಕೊನೆಗೆ ಮೂರು ವರ್ಷಕ್ಕೆ ಒಪ್ಪಿದರು. ಮೊದಲ ವರ್ಷ ಪೂರ್ತಿ ಸಂಬಳ, ಎರಡನೇ ವರ್ಷ ಮೂರರಲ್ಲಿ ಎರಡು ಪಾಲು, ಮೂರನೇ ವರ್ಷ ಒಂದು ಪಾಲು. ಮಿಕ್ಕದ್ದು ಊರಿನದು. ಮ್ಯಾಚಿಂಗ್ ನಿಂತಿತು. ಮ್ಯಾಚಿಂಗ್ ಅಂದರೇ ಕೆಟ್ಟದ್ದು ಅಂತಲ್ಲ. ಮಾಲ್ಡೋವಾ ಸರ್ಕಾರದ್ದೇ "1+3" ಅನ್ನುವ ಯೋಜನೆಯಿದೆ, ವಲಸೆ ಹೋದವರು, ಊರಿನವರು, ಸ್ಥಳೀಯ ಆಡಳಿತ, ಕೇಂದ್ರ ಸರ್ಕಾರ ನಾಲ್ವರೂ ಹಣ ಹಾಕುತ್ತಾರೆ. ನಮ್ಮ ಊರಿನಲ್ಲಿ ಅದು ಕೆಟ್ಟದ್ದು ನಾವು ನೋಟ್‌ಬುಕ್ಕನ್ನು ಊರಿನಿಂದ ಹೊರಗೆ ಒಯ್ದ ಕಾರಣಕ್ಕೆ.

ಪಕ್ಕದ ಊರಿನ ಹುಡುಗಿ ಅಕೌಂಟೆಂಟ್ ಆಗಿ ಬಂದಳು. ಲ್ಯಾಪ್‌ಟಾಪ್ ಅವಳದು, ಹಾಳೆ ದೊಡ್ಡಮ್ಮನದು. ಮೊದಲ ತಿಂಗಳೇ ಇಬ್ಬರಿಗೂ ಮೂರು ಲೇ ವ್ಯತ್ಯಾಸಕ್ಕೆ ಜಗಳವಾಯಿತು. ಮಧ್ಯಾಹ್ನವೆಲ್ಲ ಹುಡುಕಿದರು. ಬ್ಯಾಂಕು ಹಿಡಿದುಕೊಂಡ ಶುಲ್ಕ ಅದು. ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಬಂತು.

ಆಮೇಲೆ

ಹಣ ವಾಪಸ್ ಬರತೊಡಗಿತು, ನಿಧಾನವಾಗಿ. ಒಂದು ಬದಲಾವಣೆ ನಾನು ನಿರೀಕ್ಷಿಸಿರಲಿಲ್ಲ. ಮೊದಲು ಇಟಲಿಯವರೇ ಜಾಸ್ತಿ ಹಾಕುತ್ತಿದ್ದರು. ಈಗ ಊರಲ್ಲೇ ಇರುವ ಪಿಂಚಣಿದಾರರೂ 20, 30 ಲೇ ಹಾಕಿದರು. ಹೆಸರು ಬಾಗಿಲಲ್ಲಿ ಕಾಣುತ್ತದಲ್ಲ! ಇದರಲ್ಲಿ ಸ್ವಲ್ಪ ಜಂಬವೂ ಇದೆ, ಸ್ವಲ್ಪ ಒತ್ತಡವೂ ಇದೆ. ಹೆಸರು ಇಲ್ಲದವರಿಗೆ ಮುಜುಗರವಾಗುತ್ತದೆ, ಸುಬ್ಬೋತ್ನಿಕ್‌ನ ವಾಸನೆ ಬರುತ್ತದೆ ಅಂತ ಒಬ್ಬ ಯುವಕ ಹೇಳಿದ. ಅವನ ಮಾತಿನಲ್ಲಿ ಹುರುಳಿತ್ತು. ಅಂದಿನಿಂದ ಬೇಕಾದವರು "ಒಬ್ಬ ಊರಿನವರು" ಅಂತ ಬರೆಸಬಹುದು ಅಂತಾಯಿತು. ಹಾಗೆ ಬರೆಸುವವರು ಬಹಳ ಕಡಿಮೆ.

ಎರಡು ಪರ್ಸೆಂಟ್ ಕಾನೂನು ಇನ್ನೊಂದು ದಾರಿ. 2017ರಿಂದ ಮಾಲ್ಡೋವಾದಲ್ಲಿ ಯಾರು ಬೇಕಾದರೂ ತಮ್ಮ ಆದಾಯ ತೆರಿಗೆಯ ಶೇ 2 ಭಾಗವನ್ನು ಪಟ್ಟಿಯಲ್ಲಿರುವ ಒಂದು ಸಂಘಕ್ಕೆ ಕೊಡಿಸಬಹುದು. ಕೈಯಿಂದ ಏನೂ ಹೋಗುವುದಿಲ್ಲ, ಘೋಷಣೆ ಪತ್ರದಲ್ಲಿ ಸಂಘದ ಕೋಡ್ ತುಂಬಬೇಕು ಅಷ್ಟೇ. ಆ ಪತ್ರ ತುಂಬುವುದೇ ಜನಕ್ಕೆ ತಲೆನೋವು. ಅಕೌಂಟೆಂಟ್ ಹುಡುಗಿ ಶಾಲೆಯ ಟೀಚರುಗಳನ್ನು, ನರ್ಸನ್ನು ಕೂರಿಸಿಕೊಂಡು ಒಬ್ಬೊಬ್ಬರದಾಗಿ ತುಂಬಿಸಿದಳು. ಸಿಕ್ಕ ಹಣ ದೊಡ್ಡದೇನಲ್ಲ, ಆದರೆ ಅವಳ ಸಂಬಳದ ಒಂದು ಪಾಲು ಅದರಲ್ಲೇ ಹೊರಟಿತು.

2022ರ ಫೆಬ್ರವರಿ 24ರಂದು ಯುದ್ಧ ಶುರುವಾಯಿತು. ಉತ್ತರದ ಒತಾಚ್ ಗಡಿಯಲ್ಲೂ ದಕ್ಷಿಣದ ಪಲಾಂಕಾದಲ್ಲೂ ಉಕ್ರೇನಿನ ತಾಯಂದಿರು, ಮಕ್ಕಳು ಹಿಮದಲ್ಲಿ ನಡೆದು ಬಂದರು. ನಮ್ಮ ಕಚೇರಿ ತುರ್ತು ನಿಧಿಯ ಅರ್ಜಿ ನಮೂನೆ ಸಿದ್ಧಪಡಿಸುವಷ್ಟರಲ್ಲಿ ಊರಿನ ಸಂಸ್ಕೃತಿ ಭವನದಲ್ಲಿ ಹಾಸಿಗೆ ಬಿದ್ದಾಗಿತ್ತು. ಭರಣಿ ಎರಡನೇ ದಿನಕ್ಕೇ ಅಂಗಡಿಗೆ ಬಂದಿತ್ತು. ಹಾಳೆ ಅಂದಿನಿಂದ ದಿನಕ್ಕೊಮ್ಮೆ ಬದಲಾಗುತ್ತಿತ್ತು: ಬ್ರೆಡ್, ಡೀಸೆಲ್, ಮಕ್ಕಳ ಡೈಪರ್, ಒಬ್ಬರ ಇನ್ಸುಲಿನ್. ಇಟಲಿಯ ವ್ಯಾನ್ ಆ ವಾರ ಕಂಬಳಿ ತುಂಬಿಕೊಂಡು ಬಂತು. ನಾನು ಫೋನ್ ಮಾಡಿ ಏನು ಬೇಕು ಅಂತ ಕೇಳಿದಾಗ ಹುಡುಗಿ ಹೇಳಿದಳು, "ಈಗ ಏನೂ ಬೇಡ. ಏಪ್ರಿಲ್‌ನಲ್ಲಿ ಬೇಕಾಗುತ್ತದೆ, ಆಗ ಎಲ್ಲರೂ ಮರೆತಿರುತ್ತಾರೆ." ಏಪ್ರಿಲ್‌ನಲ್ಲಿ ಕೊಟ್ಟೆವು.

2024ರಲ್ಲಿ ಕಿರ್ಗಿಸ್ತಾನ ಮತ್ತು ಜಾರ್ಜಿಯಾ ಎರಡೂ ವಿದೇಶಿ ಹಣ ಪಡೆಯುವ ಸಂಘಗಳ ಮೇಲೆ ರಷ್ಯಾದ ಮಾದರಿಯ ಕಾನೂನು ತಂದವು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನೇ ತಡೆಹಿಡಿಯಿತು. ಕಿಶಿನೌನಲ್ಲಿ ನನ್ನ ಪರಿಚಯದ ಹಲವರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. ಒಳ್ಳೆಯ ಕೆಲಸಗಾರರು, ಅವರ ತಪ್ಪೇನೂ ಇರಲಿಲ್ಲ. ಹಳ್ಳಿಯ ಸಂಘಕ್ಕೆ ಆ ವಾರ ಏನೂ ಆಗಲಿಲ್ಲ. ಅವರು ಆ ತಿಂಗಳು ಸ್ಮಶಾನದ ಬೇಲಿಗೆ ಹಣ ಕೂಡಿಸುತ್ತಿದ್ದರು.

ಎಲ್ಲವೂ ಸರಿಹೋಯಿತು ಅಂತ ಓದಿಕೊಳ್ಳಬೇಡಿ. ಜಾರುಬಂಡಿ ತುಕ್ಕು ಹಿಡಿದಿದೆ, ಅದರ ರಿಪೇರಿ ಯಾರದು ಅಂತ ಮೇಯರ್ ಕಚೇರಿಗೂ ಸಂಘಕ್ಕೂ ಇನ್ನೂ ತಕರಾರು. ಟೀಚರ್ ವಾಪಸ್ ಬರಲಿಲ್ಲ. ಹಾಳೆಯಲ್ಲಿ ಅವರ ಕಾಲದ ಲೆಕ್ಕ ಪೈಸೆ ಪೈಸೆ ಸರಿಯಿತ್ತು ಅಂತ ಊರಿಗೇ ಗೊತ್ತಾಯಿತು, ಆದರೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂದವರು ಇಬ್ಬರೇ. ನಾನು ಮೂರನೆಯವನಾಗಿ ಹೋದೆ, ಎರಡು ವರ್ಷ ತಡವಾಗಿ. ಕಾಫಿ ಕೊಟ್ಟರು. ಸಂಘದ ಮಾತು ಎತ್ತಲಿಲ್ಲ.

ಹೋದ ಬಾರಿ ಹೋದದ್ದು ಈಸ್ಟರ್ ಆಗಿ ವಾರದ ಮೇಲೆ, ಸತ್ತವರನ್ನು ನೆನೆಯುವ ಬ್ಲಾಜಿನಿ ದಿನ. ಇಟಲಿಯವರೆಲ್ಲ ಬಂದಿದ್ದರು. ಸ್ಮಶಾನದಲ್ಲಿ ಸಮಾಧಿಗಳ ಪಕ್ಕ ಮೇಜು ಹಾಕಿ ಊಟ ನಡೆಯುತ್ತಿತ್ತು. ಹೊಸ ಬೇಲಿ ನಿಂತಿತ್ತು. ದೊಡ್ಡಮ್ಮನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಹಾಳೆ ಬರೆಯುವುದು ಆ ಹುಡುಗಿಯೇ. ಅಕ್ಷರ ಅವಳದು ಸ್ವಲ್ಪ ವಾಲುತ್ತದೆ. ಅಂಗಡಿ ಬಾಗಿಲಲ್ಲಿ ನಿಂತು ಓದಿದೆ. ಹಿಂದಿನ ಆಗಸ್ಟ್‌ನಲ್ಲಿ ಬೇಲಿಯ ಬಣ್ಣಕ್ಕೆ 200 ಲೇ ಕೊಡುತ್ತೇನೆ ಅಂತ ಎಲ್ಲರೆದುರು ಹೇಳಿ ಮರೆತುಬಿಟ್ಟಿದ್ದೆ. ಕೊನೆಯ ಸಾಲಿನಲ್ಲಿ ನನ್ನ ಹೆಸರಿತ್ತು, ಮೊತ್ತದ ಜಾಗದಲ್ಲಿ ಒಂದು ಗೀಟು, ಪಕ್ಕದಲ್ಲಿ "ಹೇಳಿದ್ದಾರೆ, ಬಂದಿಲ್ಲ."